ಅಲರ್ ಜೀ ಯಾರು?

ಅಲರ್ಜಿ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಗಬ್ಬೂರಿನ ಒಬ್ಬ ಮುದುಕಿ ನೆನಪಾಗುತ್ತಾಳೆ. ಆಗ ರಾಯಚೂರು ಇನ್ನೂ ನಿಜಾಮರ ಕೈಯಲ್ಲಿತ್ತು. ನಾನು ಅಲ್ಲಿನ ದವಾಖಾನೆಯೊಂದರಲ್ಲಿ ಕಾಂಪೌಂಡರ್. ಸಂತೆಗೆ ಬಂದಿದ್ದ ಆಕೆ, ದವಾಖಾನೆ ಅಂಗಳದ ಬೇವಿನ ಮರದ ಕೆಳಗೆ ಸೊಸೆಯೊಡನೆ ಬುತ್ತಿ ಉಂಡವಳು, ಸ್ವಲ್ಪ ಹೊತ್ತಿಗೆ ಅವಳನ್ನು ಎತ್ತಿಕೊಂಡೇ ಒಳಗೆ ಬಂದಳು. ಹುಡುಗಿಯ ಮುಖ ಬಾತು, ಮೈತುಂಬ ಕೆಂಪು ದದ್ದು ಎದ್ದು, ಉಸಿರಾಟಕ್ಕೂ ತ್ರಾಸಾಗಿತ್ತು.

"ತವರಿನ್ಯಾಗ ಚೊಲೋ ಇರ್ತಾಳ್ರೀ. ನಮ್ಮನಿಗಿ ಬಂದ್ರ ಮೈಯೆಲ್ಲ ದದ್ದು ಏಳ್ತಾವ. ಯಾವ ದೇವ್ರು ಮುನಿದಾನೋ! ವಾಪಸ್ ಕಳಸಿಬಿಡು ಅಂತಾರ ಊರಾಗ," ಎಂದು ಮುದುಕಿ ಅತ್ತಳು.

ಡಾಕ್ಟರು ಸೂಜಿ ಹಾಕಿದರು. ಉಸಿರು ಹಗುರಾದ ಮೇಲೆ ಏನು ಉಂಡಿರೆಂದು ವಿಚಾರಿಸಿದರು. ರೊಟ್ಟಿ, ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ. ತವರಲ್ಲಿ ಶೇಂಗಾ ತಿನ್ನುತ್ತಿರಲಿಲ್ಲವೆಂದು ಹುಡುಗಿ ಹೇಳಿದಳು. "ಇದು ಅಲರ್ಜಿ," ಎಂದು ಡಾಕ್ಟರು ಒಳಗೆ ಹೋದರು.

ಮುದುಕಿ ನನ್ನ ತೋಳು ಹಿಡಿದಳು. "ಅಲರ್ ಜೀ ಅಂದ್ರ ಯಾರ್ರೀ? ದರ್ಗಾದವರೇನು? ಹರಕಿಗಿ ಸಕ್ಕರಿ ಓದಿಸಬೇಕೇನ್ರೀ?"

ನಗು ತಡೆದುಕೊಂಡು ಹೇಳಿದೆ: "ಯಾರೂ ಅಲ್ಲ ಯವ್ವಾ. ಶೇಂಗಾ ಇಕಿ ಮೈಗಿ ಒಗ್ಗೂದಿಲ್ಲ. ಮೈ ಅದನ್ನ ವಿಷ ಅಂತ ತಿಳಕೊಂಡು ಜಗಳಾ ತಗೀತದ. ಅದಕ್ಕ ಈ ದದ್ದು, ಈ ಬಾವು."

ಮುದುಕಿ ಸೊಸೆಯ ಬಾತ ಕೆನ್ನೆ ಸವರಿದಳು. "ಸೊರಗ್ಯಾಳ ಅಂತ ನಾನ ಒತ್ತಾಯ ಮಾಡಿ ಹಿಂಡಿ ಹಾಕ್ತಿದ್ನಲ್ಲೋ ಯಪ್ಪಾ!"

ಮುಂದೊಮ್ಮೆ ಗಬ್ಬೂರಿಗೆ ಹೋದಾಗ ಅವರ ಮನೆಯಲ್ಲೇ ಉಂಡೆ. ಸೊಸೆ ನಗುತ್ತ ಬಡಿಸಿದಳು. ಅತ್ತೆ ಮನೆಯೊಳಗೆ ಶೇಂಗಾ ತರುವುದನ್ನೇ ಬಿಟ್ಟಿದ್ದಳು. ಶೇಂಗಾ ಹಿಂಡಿಯಿಲ್ಲದೆ ನನಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಆದರೂ ಅವತ್ತು ಗುರೆಳ್ಳು ಹಿಂಡಿಯನ್ನೇ ಬಲು ರುಚಿಯೆಂದು ಹೊಗಳಿ ಮತ್ತೆ ಹಾಕಿಸಿಕೊಂಡೆ.