ಬಾಗಿಲ ಮರೆಯ ಚದುರಂಗ

ಮಕ್ಕಳೇ, ಚದುರಂಗಕ್ಕೆ ಕುಳಿತಾಗ ಅಜ್ಜಿ ಯಾಕೆ ಯಾವಾಗಲೂ ಕರಿ ಕಾಯಿಗಳನ್ನೇ ಕೇಳುತ್ತಾಳೆ ಎಂದು ನಗುತ್ತೀರಿ. ಬಾಯಿಬಿಟ್ಟು ಹೇಳಲು ನನಗೆ ಈಗಲೂ ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ.

ಧಾರವಾಡಕ್ಕೆ ಸೊಸೆಯಾಗಿ ಬಂದ ಹೊಸತು. ನಿಮ್ಮ ಅಜ್ಜ ಬೆಳಗಿನ ಗಾಡಿಗೆ ಹುಬ್ಬಳ್ಳಿಯ ಕಚೇರಿಗೆ ಹೋದರೆಂದರೆ ಮನೆಗೆ ಮಂಪರು ಕವಿಯುತ್ತಿತ್ತು. ಪಡಸಾಲೆಯ ಬಿಸಿಲಕೋಲಿನಲ್ಲಿ ಮಾವನವರು ಒಬ್ಬರೇ ಎರಡೂ ಕಡೆಯ ಕಾಯಿ ನಡೆಸುತ್ತ ಕುಳಿತಿರುತ್ತಿದ್ದರು. ಸೊಸೆ ಮಾವನೆದುರು ಕೂರುವ, ಮಾತಾಡುವ ವಾಡಿಕೆ ಇರಲಿಲ್ಲ. ತವರೂರಲ್ಲಿ ನನ್ನ ಅಜ್ಜನೊಡನೆ ಚದುರಂಗ ಆಡಿ ಬೆಳೆದವಳು ನಾನು. ಹಲಗೆಯ ಮೇಲೆ ಕಾಯಿ ಊರಿದ ಸದ್ದಿಗೆ ರೊಟ್ಟಿ ಬಡಿಯುವ ಕೈ ನಿಂತುಬಿಡುತ್ತಿತ್ತು. ಒಮ್ಮೆಯಾದರೂ ಆ ಹಲಗೆಯ ಮುಂದೆ ಕೂರಬೇಕೆಂಬುದೊಂದೇ ಆಸೆ. ಕೊನೆಗೆ ಅತ್ತೆಗೆ ಹೇಳಿದೆ.

“ಏನ್ರಿ, ನಿಮ್ಮ ಸೊಸಿಗೂ ಈ ಹುಚ್ಚ ಐತಂತ” ಎಂದರು ಅತ್ತೆ, ಹೊರಗೆ ಹೋಗಿ.

“ಹಂಗಾರ ಕರಿ ಕಾಯಿ ಆಕಿವು. ಆಕಿ ಒಳಗಿಂದ ಹೇಳ್ಲಿ, ನೀ ನಡಸು” ಎಂದರು ಮಾವನವರು.

ಬಾಗಿಲ ಮರೆಯಿಂದ ಹಲಗೆಯನ್ನು ಇಣುಕಿ, ಮೊದಲು ಒಂದು ಪ್ಯಾದೆ ಸರಿಸಿ, ಆಮೇಲೆ ಓರೆಯಾಗಿ ನಡೆಯುವ ಒಂಟೆಯನ್ನು ಆ ಜಾಗದಲ್ಲಿಡಲು ಅತ್ತೆಗೆ ಪಿಸುಗುಟ್ಟಿದೆ.

“ಒಂಟಿನ್ನ ಮೂಲಿ ಕಡೆ ಇಡಬೇಕಂತ್ರಿ. ಇದರಾಗ ಒಂಟಿ ಯಾವ್ದು, ಆನಿ ಯಾವ್ದು? ಒಂದಕ್ಕೂ ಸೊಂಡಿಲ ಇಲ್ಲ” ಎಂದರು ಅತ್ತೆ.

ಮಾವನವರ ಬಿಳಿ ಪ್ಯಾದೆಗಳು ಎರಡೆರಡು ಮನೆ ಹಾರಿ ನಡುಭಾಗ ಹಿಡಿದವು. ನಮ್ಮೂರ ಆಟದಲ್ಲಿ ಪ್ಯಾದೆಗೆ ಮೊದಲಿಗೂ ಒಂದೇ ಹೆಜ್ಜೆ. ನಾನು ಹಾಗೇ ಒಂದೊಂದೇ ಮನೆ ಸರಿಸುತ್ತ ನನ್ನ ಮೂಲೆಯಲ್ಲೇ ಉಳಿದೆ.

“ಮದ್ಲ ಎರಡ ಮನಿ ಹಾರಬಹುದು ಅಂತ ಹೇಳು ಆಕಿಗೆ” ಎಂದರು. ಆಮೇಲೆ ಬಾಗಿಲಿಗೆ ಕೇಳುವಷ್ಟು ದನಿಯಲ್ಲಿ, “ಆದ್ರ ಇದು ತಪ್ಪಲ್ಲ. ನಡುವಿನ ಜಾಗಾ ಹಿಡದ್ರ ಬಿಳಿಯವಗ ತಿರಗಾಡಾಕ ಸಲೀಸು. ಕರಿಯವ ಅವಗ ಗ್ವಾಡಿ ಕಟ್ಟಾಕ ಬಿಡತಾನ, ಆಮ್ಯಾಲ ಬುಡಕ್ಕ ಹೊಡಿತಾನ. ತಡ ಮಾಡಿದ್ರ ಉಸರ ಕಟ್ಟತೈತಿ.”

ರಾಜನ ಮುಂದಿನ ಪ್ಯಾದೆಯನ್ನು ನಾನಿನ್ನೂ ಮುಟ್ಟಿರಲಿಲ್ಲ. ಎರಡು ಮನೆ ಹಾರಿಸಲು ಹೇಳಿದೆ. ಅವರು ಹೊಡೆಯದೆ, ಪಕ್ಕದ ಪ್ಯಾದೆಯನ್ನು ಮುಂದೆ ತಳ್ಳಿದರು. ನಡುಭಾಗ ಮುಚ್ಚಿತು, ನನ್ನ ಒಂಟೆಯ ಹಾದಿಯೂ. ಇನ್ನು ಅವರಿಗೆ ಮಂತ್ರಿಯ ಕಡೆ ದಾರಿ, ನನಗೆ ಅವರ ರಾಜನ ಕಡೆ. ಮುಖ ತಪ್ಪಿಸಿ ಓಡುವ ಇಬ್ಬರ ಹಾಗೆ ಹೊರಟೆವು.

ಅವಸರದಲ್ಲಿ ಅತ್ತೆ ಒಂಟೆಯ ಬದಲು, ನೇರ ನಡೆಯಬೇಕಾದ ಆನೆಯನ್ನು ಓರೆಯಾಗಿ ನಡೆಸಿಬಿಟ್ಟರು.

“ನಿನ್ನ ಆನಿ ಕುಡದೈತೇನು?” ಎಂದರು ಮಾವನವರು.

“ನನ್ನ ಕೈಲೆ ಆಗೂದಿಲ್ಲ ತಗೋರಿ. ಆಕಿನ್ನ ಕರೀರಿ, ನಾ ಅಕ್ಕಿ ಹಸನ ಮಾಡ್ಬೇಕು.”

ಅತ್ತೆ ಎದ್ದು ಒಳಬಂದರು. ಆಮೇಲೆ ನೆಲದ ಮೇಲೆ ಮಣೆ ಸರಿದದ್ದು ಕೇಳಿತು.

“ಬಾರವಾ. ಇಲ್ಲೆ ಕೂಡು.”

ಸೆರಗು ಹೊದ್ದು ಹೋಗಿ ಕುಳಿತೆ. ಬಿಸಿಲು ಕಾಯಿಗಳ ನಡುವೆ ಹರಿದಿತ್ತು. ನಾನು ಅವರ ರಾಜನನ್ನು ಮುಟ್ಟುವ ಮೊದಲೇ ಅವರು ನನ್ನ ರಾಜನನ್ನು ಕಟ್ಟಿಹಾಕಿದರು, ಸೋತೆ. ಮಾವನವರು ಕರಿ ಕಾಯಿಗಳನ್ನು ಒಂದೊಂದಾಗಿ ಮತ್ತೆ ನನ್ನ ಮುಂದೆಯೇ ಜೋಡಿಸಿದರು.