ಮಗನ ಮೆದುಳಿನ ಬಾಗಿಲುಗಳು

ನನ್ನ ಸೊಸೆ ಮನೆಗೆ ಬಂದಳು, ಮೊಮ್ಮಗಳನ್ನು ಎತ್ತಿಕೊಂಡು ಬಂದಳು! ಇದನ್ನು ಮೊದಲು ಹೇಳದಿದ್ದರೆ ನನಗೆ ಮುಂದಿನ ಮಾತೇ ಹೊರಡುವುದಿಲ್ಲ. ಕೂಸಿಗೆ ಆಗಲೇ ಎರಡು ಹಲ್ಲು. ನನ್ನ ಕಿವಿಯೋಲೆ ಹಿಡಿದು ಜಗ್ಗಿದಳು. ಜಗ್ಗಲಿ ಬಿಡಿ, ಇನ್ನೊಂದು ಕಿವಿಯನ್ನೂ ಕೊಟ್ಟೆ.

ಇನ್ನು ಹಿಂದಿನದು. ನಾನು ಕಲಿತದ್ದು ಎರಡನೆಯ ಇಯತ್ತೆ. ಚಿತ್ತಾಪುರದ ಕಡೆ ಫರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕಲ್ಲು ಹೊರುತ್ತಿದ್ದೆ. ಗಂಡ ಎಂದೋ ತೀರಿದ್ದ. ಇದ್ದವನು ಒಬ್ಬ ಮಗ, ಶಹಾಬಾದಿನ ಗಣಿಯಲ್ಲಿ ಕೆಲಸ, ಸಂಜೆಯಾದರೆ ಸೇಂದಿ. ನಮ್ಮ ಕಡೆ ಮೈನೋವಿಗೆ ಸೇಂದಿ ಕುಡಿಯುವುದು ಹೊಸತಲ್ಲ, ಹೆಂಗಸರೂ ಕುಡಿಯುತ್ತಾರೆ. ಈಚಲ ಮರದ ನೀರು, ಮೈಗೆ ತಂಪು ಎನ್ನುತ್ತಾರೆ. ಆದರೆ ಆ ಹೊತ್ತಿಗೆ ಮರದಿಂದ ಇಳಿದದ್ದು ಕಡಿಮೆ, ಮತ್ತು ಬರಿಸುವ ಔಷಧಿ ಪೌಡರ್ ಕಲಸಿದ್ದು ಹೆಚ್ಚು ಎಂಬುದು ನಮಗೆ ಆಮೇಲೆ ತಿಳಿಯಿತು.

ಸೊಸೆ ಬಸುರಾದಾಗ ಅವಳ ಅಪ್ಪ ಕುಂಚಾವರಂನಿಂದ ಬಂದು ಕರೆದುಕೊಂಡು ಹೋದರು. ಹೋಗುವಾಗ, "ಕುಡುಕನ ಮನಿಗಿ ನನ್ನ ಮಗಳ್ನ ತಿರುಗಿ ಕಳಸಂಗಿಲ್ಲ ನೋಡ್ರಿ" ಎಂದರು. ಮಾತು ಮಗನಿಗೆ ನಾಟಿತು. ಮರುದಿನವೇ ದರ್ಗಾಕ್ಕೆ ಹೋಗಿ ಆಣೆ ಮಾಡಿ, ತಾಯತ ಕಟ್ಟಿಸಿಕೊಂಡು ಬಂದ. ಆಣೆ ಎಂದ ಮೇಲೆ ಒಂದು ಗುಟುಕೂ ಇಲ್ಲ. ನಾನು ಹಿಗ್ಗಿದೆ.

ಎರಡು ದಿನಕ್ಕೆ ಅವನ ಕೈ ನಡುಗತೊಡಗಿತು. ಗೋಡೆಯ ಮೇಲೆ ಇಲ್ಲದ ಇರುವೆ ಕಾಣತೊಡಗಿದವು. ಆಮೇಲೆ ಕಣ್ಣು ಮೇಲೆ ಮಾಡಿ ಬಿದ್ದು ಒದ್ದಾಡಿದ. ಓಣಿಯವರು ಕೈಗೆ ಕಬ್ಬಿಣ ಕೊಟ್ಟರು, ಮೂಗಿಗೆ ಉಳ್ಳಾಗಡ್ಡಿ ಹಿಡಿದರು.

"ಕುಂಚಾವರಂ ಅಡವ್ಯಾಗಿನ ಗಾಳಿ ಬಡದದ" ಎಂದಳು ಎದುರುಮನೆಯ ಮುದುಕಿ.

"ಅವಾ ಈಗ ಆ ಕಡಿಗಿ ಹೋಗೇ ಇಲ್ಲಲ್ಲಬೇ!" ಎಂದೆ ನಾನು.

"ಹೋಗಿಲ್ಲಂದ್ರ ಏನಾತು, ಸೊಸಿ ಸೆರಗು ಹಿಡದು ಬಂದಿರ್ತದ."

ಕಾರ್ಖಾನೆಯಲ್ಲಿ ನಮ್ಮ ಕೂಲಿ ಕೆಲಸ ನೋಡಿಕೊಳ್ಳುವ ಮುಕಾದಮನೊಬ್ಬ ನಮ್ಮನ್ನು ಬೈದು, ವಾಡಿಯಿಂದ ರೈಲು ಹತ್ತಿಸಿ ದೊಡ್ಡ ದವಾಖಾನೆಗೆ ಕಳಿಸಿದ. ಅಲ್ಲಿನ ಡಾಕ್ಟರಮ್ಮ ಸಣ್ಣ ವಯಸ್ಸಿನವಳು.

"ಒಮ್ಮೆಲೇ ಯಾಕ ಬಿಡಿಸಿದ್ರಿ ಅಮ್ಮಾ?"

"ದೇವರ ಆಣಿರಿ."

"ಆಣಿ ಮಾಡಿದ್ದು ದೇವರಿಗಿ ಗೊತ್ತು, ಅವನ ಮೆದುಳಿಗಿ ಗೊತ್ತಿಲ್ಲಲ್ಲ!" ಎಂದು, ನನ್ನನ್ನು ಕೂಡಿಸಿಕೊಂಡು ತಿಳಿಸಿ ಹೇಳಿದಳು.

ಮೆದುಳು ಅಂದರೆ ಕೋಟಿ ಕೋಟಿ ಜೀವಕೋಶಗಳಂತೆ. ಒಂದು ಇನ್ನೊಂದರ ಜೊತೆ ಮಾತಾಡುವುದು ರಸದಿಂದ. "ಏಳು" ಎನ್ನುವ ರಸ ಒಂದು, "ಸುಮ್ಮನಿರು" ಎನ್ನುವ ರಸ ಒಂದು. ಪ್ರತಿ ರಸಕ್ಕೂ ಜೀವಕೋಶದ ಮೈಮೇಲೆ ಅದರದೇ ಬಾಗಿಲು. ಸೇಂದಿಯ ಪೌಡರ್ ಆ "ಸುಮ್ಮನಿರು" ಬಾಗಿಲಿಗೆ ಹೋಗಿ, ರಸ ಬಂದಾಗ ಅದನ್ನು ಇನ್ನೂ ಅಗಲಕ್ಕೆ ತೆಗೆಯುತ್ತದಂತೆ. ದಿನವೂ ಹೀಗಾದರೆ ಜೀವಕೋಶ ಸುಮ್ಮನಿದ್ದೀತೇ? ಅದರ ಒಡಲಿನಲ್ಲಿ ಹುಟ್ಟಿನಿಂದ ಬಂದ ಬರಹವಿದೆಯಂತೆ, ಯಾವ ಬಾಗಿಲು ಎಷ್ಟು ಮಾಡಬೇಕು ಎಂಬ ಹುಕುಂ ಅಲ್ಲಿಂದಲೇ. ಬರಹ ಅಳಿಯುವುದಿಲ್ಲ, ಅದನ್ನು ಓದಿಕೊಳ್ಳುವ ರೀತಿ ಬದಲಾಗುತ್ತದೆ. ಆಗ "ಸುಮ್ಮನಿರು" ಬಾಗಿಲು ಕಡಿಮೆಯಾಗುತ್ತವೆ, "ಏಳು" ಬಾಗಿಲು ಹೆಚ್ಚುತ್ತವೆ. ಅಂಥ ಹೊತ್ತಿನಲ್ಲಿ ಪೌಡರ್ ನಿಂತಿತೋ, ಇಡೀ ಮೆದುಳು ಒಂದೇ ಸಲ ಎದ್ದು ಕುಣಿಯುತ್ತದೆ. ನಾವು ಗಾಳಿ ಎಂದದ್ದು ಇದನ್ನೇ.

ಮಾಳಿಗೆಯ ಕಂಬಕ್ಕೆ ಗೆದ್ದಲು ಹತ್ತಿದರೆ ಕಿತ್ತು ಎಸೆಯುತ್ತೇವೆಯೇ? ಪಕ್ಕದಲ್ಲಿ ಇನ್ನೊಂದು ಆಸರೆ ಕೊಟ್ಟೇ ತೆಗೆಯುವುದು. ಡಾಕ್ಟರಮ್ಮನ ಗುಳಿಗೆಯೂ ಹಾಗೆ, ವಾರ ವಾರ ಸ್ವಲ್ಪ ಸ್ವಲ್ಪ ಕಡಿಮೆ. ಆದರೆ ಆಸೆಯ ಮಾತು ಬೇರೆ ಎಂದಳು. ಸುಖದ ನೆನಪು ಹಿಡಿಯುವ ಜಾಗದಲ್ಲಿ ಜೀವಕೋಶಗಳ ನಡುವಿನ ಗಂಟು ಗಟ್ಟಿಯಾಗಿರುತ್ತದೆ. ಬಾಗಿಲು ತಿಂಗಳೊಪ್ಪತ್ತಿಗೆ ಸರಿಹೋದಾವು, ಈ ಗಂಟು ಬಿಚ್ಚುವುದು ಕಷ್ಟ. ಅಂಗಡಿಯ ದಾರಿ, ವಾಸನೆ ಸಾಕು, ಎದ್ದು ಕೂರುತ್ತದೆ.

ಇಷ್ಟು ತಿಳಿದುಕೊಂಡು ಬಂದೆನಲ್ಲ, ಕೇಳುವವರು ಯಾರೂ ಇಲ್ಲ. ನನ್ನ ಜೊತೆ ಬುತ್ತಿ ಬಿಚ್ಚುತ್ತಿದ್ದ ಹೆಂಗಸರು ಗಾಳಿ ಅಂಟೀತೆಂದು ಬೇರೆ ನೆರಳಿಗೆ ಹೋದರು. ಒಬ್ಬಳೇ ರೊಟ್ಟಿ ಮುರಿಯುತ್ತ, ಎದುರಿಗೆ ನಿಲ್ಲಿಸಿದ ಫರಸಿಗೆ "ಬಾಗಿಲು ಕಡಿಮಿ ಆಗ್ಯಾವ, ಅಷ್ಟೇ" ಎನ್ನುತ್ತಿದ್ದೆ. ಮಗ ಮನೆಗೆ ಬಂದ ಮೇಲೂ ಮುಖ ಗೋಡೆಯ ಕಡೆ ಮಾಡಿ ಮಲಗುತ್ತಿದ್ದ.

ಹೆರಿಗೆಯಾದ ಸುದ್ದಿ ಬಂತು. ಚಿಂಚೋಳಿ ಬಸ್ಸು ಹಿಡಿದು ಕುಂಚಾವರಂಗೆ ಹೋದೆ. ಬೀಗರು ಊಟಕ್ಕೆ ಹಾಕಿದರು, ಕೂಸನ್ನು ತೊಡೆಯ ಮೇಲೆ ಕೊಟ್ಟರು, ಆದರೆ ತಮ್ಮ ಹಳೆಯ ಮಾತು ಬಿಡಲಿಲ್ಲ.

"ಸೇಂದಿ ಬಿಟ್ಟು ಗುಳಗಿ ಹಿಡದಾನಂತಲ್ಲರಿ. ಎರಡೂ ಒಂದೇ!"

ಆಸರೆಗಂಬದ ಮಾತು ಹೇಳಿದೆ.

"ನನ್ನ ಮಗಳ್ನ ಆಸರಿ ಮಾಳಿಗಿ ಕೆಳಗ ಕೂಡಸಲೇನು?" ಎಂದರು.

ಅವರು ಹೇಳಿದ್ದೂ ತಪ್ಪಲ್ಲ. ಸೊಸೆ ಬಾಗಿಲ ಮರೆಯಲ್ಲಿ ಅಳುತ್ತಿದ್ದಳು. ಬಸ್ಸಿನಲ್ಲಿ ಕಂಡಕ್ಟರ್ "ಎಷ್ಟು ಟಿಕೇಟಬೇ?" ಎಂದಾಗ ಒಂದು ಬೆರಳು ತೋರಿಸಿದೆ. ಬೆರಳು ತೋರಿಸಿದೆ.

ಗುಳಿಗೆ ಕಡಿಮೆಯಾಗುತ್ತ ಆಗುತ್ತ ಮುಗಿಯಿತು. ಮಗ ಗಣಿಗೆ ಹೊರಟ. ಒಂದು ಮಧ್ಯಾಹ್ನ, ಹೇಳದೆ ಕೇಳದೆ ಬೀಗರು ಬಂದರು. ಚಹಾ ಕುಡಿದು, ಅಡ್ಡಾಡಿ ಬರೋಣವೆಂದು ಮಗನನ್ನು ಕರೆದುಕೊಂಡು ಹೋದರು. ತಿರುಗಿ ಬಂದವರೇ ಹೊಸ್ತಿಲ ಮೇಲೆ ಕುಳಿತರು.

"ಅಕ್ಕಾ, ಬೇಕಂತಲೇ ಸೇಂದಿ ಅಂಗಡಿ ಮುಂದಿಂದ ಕರಕೊಂಡು ಹೋದೆ."

ನನ್ನ ಕೈಯ ಮೊರ ಕೆಳಗೆ ಬಿತ್ತು.

"ವಾಸನಿ ಬಂದಕೂಡ್ಲೇ ಇವನ ಹಣಿಮ್ಯಾಲ ಬೆವರು. 'ಇನ್ನಾ ಆಸಿ ಅದ ಏನೋ?' ಅಂದೆ. ಇಲ್ಲ ಅಂದಿದ್ರ ಹಂಗೇ ಬಸ್ ಹತ್ತತಿದ್ದೆ."

"ಏನಂದ?"

"'ಅದರಿ ಮಾವಾ. ಭಾಳ ಅದ. ಈ ದಾರಿ ಬ್ಯಾಡ, ಆ ಕಡಿಂದ ಹೋಗಮು' ಅಂದು ನನ್ನ ರಟ್ಟಿ ಹಿಡದು ಎಳಕೊಂಡು ಬಂದ. ನಮ್ಮ ತಮ್ಮ ಕುಡದು ಕುಡದು ಸಾಯೋತನ ಆಸಿ ಇಲ್ಲ, ಆಸಿ ಇಲ್ಲ ಅಂತಿದ್ದ. ಅದ ಅಂದವನ್ನ ಇವತ್ತೇ ನೋಡಿದೆ."

ಮಗ ಅಂಗಳದಲ್ಲಿ ನಿಂತು ನೆಲ ನೋಡುತ್ತಿದ್ದ. ಬೀಗರು ಅವನ ಕಡೆ ತಿರುಗಿ, "ಬರೋ ಐತವಾರ ಕರಕೊಂಡು ಬರ್ತೀನಿ, ದಾರಿ ನೋಡ್ರಿ" ಎಂದರು.

ಐತವಾರ ಬಂದೇ ಬಂದರು! ಸಂಜೆಗೆ ಹೋಳಿಗೆ ಮಾಡಿದೆ, ರೊಟ್ಟಿ ಬಡಿದೆ, ಪುಂಡಿ ಪಲ್ಲೆ, ಶೇಂಗಾ ಹಿಂಡಿ. ಬೀಗರು, ಮಗ, ಸೊಸೆ ಸಾಲಾಗಿ ಕುಳಿತರು. "ನೀವೂ ಕುಂದರ್ರಿ ಅತ್ತೀ, ಆಮ್ಯಾಲ ಬಡಸಕೊಂಡ್ರಾಯ್ತು" ಎಂದು ಸೊಸೆ ನನ್ನ ಸೆರಗು ಹಿಡಿದು ಕೂಡಿಸಿದಳು. ಮಗ ಹೋಳಿಗೆಯ ತುಣುಕನ್ನು ತುಪ್ಪದಲ್ಲಿ ಅದ್ದಿ ಕೂಸಿನ ಬಾಯಿಗಿಟ್ಟ. ಕೂಸು ಅದನ್ನು ತೆಗೆದು ಅಜ್ಜನ ಧೋತರಕ್ಕೆ ಒರೆಸಿತು. "ಏ, ಒಗದದ್ದಲೇ ಇದು!" ಎಂದು ಬೀಗರು ಕೂಗಿದರು. ಎಲ್ಲರೂ ನಗುತ್ತ ಉಂಡೆವು.