ಸುಳ್ಳು ಹೇಳಿದ ದಿಗಂತ

ಮೋಡದೊಳಗೆ ವಿಮಾನ ನಡೆಸುವುದನ್ನು ಕಲಿಯುತ್ತೇನೆಂದು ಹೇಳಿದಾಗ ಗಂಡ, "ಕಣ್ಣಿಗೆ ಕಾಣೂ ಮುಂದ ಹಾರಿಸ್ತಿ. ಅಷ್ಟು ಸಾಲಂಗಿಲ್ಲೇನು?" ಎಂದು ಕೇಳಿದ.

ಸಾಲುತ್ತಿರಲಿಲ್ಲ. ನನ್ನ ಬಳಿ ಇದ್ದ ಖಾಸಗಿ ಪೈಲಟ್ ಲೈಸೆನ್ಸ್, ಆಕಾಶ ತಿಳಿಯಾಗಿದ್ದಾಗ ಹೊರಗೆ ನೋಡಿಕೊಂಡು ಹಾರಲು ಮಾತ್ರ. ಕೇರಳದಲ್ಲಿ ಅಂಥ ಆಕಾಶ ಕೇಳಿದಾಗ ಸಿಗುವುದಿಲ್ಲ. ಕೊಚ್ಚಿಯ ಕಾಕ್ಕನಾಡಿನ ಕಂಪನಿಯಲ್ಲಿ ವಾರವಿಡೀ ದುಡಿದು, ಶುಕ್ರವಾರ ಸಂಜೆ ಎರ್ನಾಕುಲಂನಲ್ಲಿ ರೈಲು ಹತ್ತಿ ತಿರುವನಂತಪುರಕ್ಕೆ ಹೋಗುತ್ತಿದ್ದೆ. ಬೆಳಿಗ್ಗೆ ಎದ್ದರೆ ಕಡಲಿನಿಂದ ಬಂದ ಮೋಡ ರನ್‌ವೇ ಮೇಲೆ ಕೂತಿರುತ್ತಿತ್ತು. ಚಹಾ ಕುಡಿದು ವಾಪಸಾದ ಶನಿವಾರಗಳೇ ಹೆಚ್ಚು.

ನನಗೆ ಕಲಿಸಿದವರು ವಾಯುಸೇನೆಯಿಂದ ನಿವೃತ್ತರಾದ ಮಲಯಾಳಿ. ಪಾಠವೆಲ್ಲ ಇಂಗ್ಲಿಷಿನಲ್ಲಿ, ನನ್ನನ್ನು ಕರೆಯುವುದು ಮಾತ್ರ 'ಮೋಳೆ', ಅಂದರೆ ಮಗಳೇ ಎಂದು. ಮೊದಲ ದಿನವೇ, ಎದುರಿನ ಮೀಟರುಗಳ ಹೊರತು ಬೇರೇನೂ ಕಾಣದಂತೆ ನನ್ನ ಹಣೆಗೊಂದು ಮರೆ ಕಟ್ಟಿ ಹಾರಿಸಲು ಹೇಳಿದರು. ಸ್ವಲ್ಪ ಹೊತ್ತಿಗೆ ವಿಮಾನ ಬಲಕ್ಕೆ ವಾಲಿದೆ ಎಂದು ಮೈಯೆಲ್ಲ ಹೇಳತೊಡಗಿತು. ಕುತ್ತಿಗೆ ತಾನಾಗಿ ಎಡಕ್ಕೆ ಬಾಗಿತ್ತು. ಮೀಟರುಗಳ ಪ್ರಕಾರ ನಾವು ನೆಟ್ಟಗೇ ಹೋಗುತ್ತಿದ್ದೆವು.

"ಮೋಳೆ, ನಿನ್ನ ಮೈ ಸುಳ್ಳು ಹೇಳುತ್ತದೆ. ಮೀಟರನ್ನು ನಂಬು" ಎಂದರು.

ಮೀಟರೂ ಸುಳ್ಳು ಹೇಳಬಹುದೆಂದು ಕಲಿಸಿದ್ದು ಆಮೇಲೆ. ಎಲ್ಲಕ್ಕೂ ಮುಖ್ಯವಾದದ್ದು ಕೃತಕ ದಿಗಂತ: ಮೇಲೆ ನೀಲಿ, ಕೆಳಗೆ ಕಂದು ಬಣ್ಣವಿರುವ, ಆಕಾಶ ಭೂಮಿಗಳ ಗೆರೆ ತೋರಿಸುವ ಮೀಟರು. ನಮ್ಮ ಹಳೆಯ ವಿಮಾನದಲ್ಲಿ ಅದು ಗಾಳಿ ಎಳೆಯುವ ಪಂಪಿನಿಂದ ನಡೆಯುತ್ತಿತ್ತು. ಪಂಪು ನಿಂತರೆ ಗೆರೆ ಗೊತ್ತೇ ಆಗದಷ್ಟು ಮೆಲ್ಲಗೆ ವಾಲುತ್ತದೆ. ಮೋಡದಲ್ಲಿ ಅದನ್ನೇ ನಂಬಿ ಹೋದವರು ಸುತ್ತುತ್ತ ಸುತ್ತುತ್ತ ನೆಲಕ್ಕೆ ಬೀಳುತ್ತಾರೆ.

ಇದನ್ನು ಮನೆಯಲ್ಲಿ ಹೇಳಿದ ಮೇಲೆ ಗಂಡ ಬೇಡವೆನ್ನುವುದನ್ನು ಬಿಟ್ಟು ನನ್ನ ಪರೀಕ್ಷಕನಾದ. ಸಂಜೆ ಲ್ಯಾಪ್‌ಟಾಪಿನಲ್ಲಿ ಮೀಟರುಗಳ ಚಿತ್ರ ತೆರೆದು, "ಇದರಾಗ ಯಾವುದು ಸುಳ್ಳು ಹೇಳ್ಲಿಕ್ಕತ್ತದ?" ಎಂದು ಕೇಳುತ್ತಿದ್ದ. ನಾನು ತಡವರಿಸಿದರೆ ಅವನ ಮುಖ ಬಿಗಿಯುತ್ತಿತ್ತು. "ಇಷ್ಟು ಹೊತ್ತು ಮಾಡಿದ್ರ ಹೆಂಗ?" ಎಂದು ಎದ್ದು ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದ.

ಒಂದು ಭಾನುವಾರ ನಾನೂ ಗುರುಗಳೂ ತಿರುವನಂತಪುರದಿಂದ ಕೊಚ್ಚಿಗೆ ಹಾರಿ, ಮಧ್ಯಾಹ್ನ ಹಿಂದಿರುಗುತ್ತಿದ್ದೆವು. ವಲ್ಲಾರ್ಪಾಡಂ ಬಂದರಿನ ಹಡಗುಗಳು ಕೆಳಗೆ ಸರಿದುಹೋದವು. ಆಲಪ್ಪುಳ ದಾಟುತ್ತಲೇ ಮೋಡದೊಳಗೆ ಹೊಕ್ಕೆವು. ಸುತ್ತ ಬರೀ ಬಿಳುಪು. ಗಾಜಿನ ಮೇಲೆ ನೀರು ಹರಿಯುತ್ತಿತ್ತು. ಹಣೆಯ ಮರೆ ಬೇಕಾಗಿರಲಿಲ್ಲ.

ದಿಗಂತದ ಗೆರೆ ವಿಮಾನ ಬಲಕ್ಕೆ ವಾಲಿದೆ ಎಂದು ತೋರಿಸಿತು. ಎಡಕ್ಕೆ ಸರಿಪಡಿಸಿದೆ. ಮತ್ತೆ ವಾಲಿತು, ಮತ್ತೆ ಸರಿಪಡಿಸಿದೆ.

"ಎಡಕ್ಕೆ ಯಾಕೆ ತಿರುಗುತ್ತಿದ್ದೀಯ? ದಿಕ್ಸೂಚಿ ನೋಡು, ನೆಟ್ಟಗೆ ಮಾಡು" ಎಂದು ಗುರುಗಳು ಗದರಿದರು.

ನಾನು ನೆಟ್ಟಗೇ ಹಿಡಿದಿದ್ದೆ ಅಂದುಕೊಂಡಿದ್ದೆ. ಆದರೆ ವಿದ್ಯುತ್ತಿನಿಂದ ನಡೆಯುವ ತಿರುವಿನ ಮೀಟರು ಎಡಕ್ಕೆ ಬಾಗಿತ್ತು. ಎತ್ತರವೂ ಇಳಿಯತೊಡಗಿತ್ತು. ದಿಕ್ಸೂಚಿ, ತಿರುವಿನ ಮೀಟರು ಎರಡೂ ಒಂದೇ ಮಾತು ಹೇಳುತ್ತಿದ್ದವು. ದಿಗಂತ ಮಾತ್ರ ಬೇರೆ. ನನ್ನ ಊಹೆ ತಪ್ಪಾಗಿದ್ದರೆ ಎಂದು ಎಲ್ಲವನ್ನೂ ಇನ್ನೊಮ್ಮೆ ನೋಡಿದೆ.

"ಸರ್, ದಿಗಂತ ಸರಿಯಿಲ್ಲ."

ಅವರು ಪಂಪಿನ ಪುಟ್ಟ ಮೀಟರಿನ ಕಡೆ ಬಾಗಿ ಬೆರಳಿನಿಂದ ತಟ್ಟಿದರು. ಮುಳ್ಳು ಸೊನ್ನೆಯಲ್ಲಿತ್ತು. ಅಭ್ಯಾಸಕ್ಕೆ ಬಳಸುತ್ತಿದ್ದ ರಬ್ಬರಿನ ಮುಚ್ಚಳವನ್ನು ಜೇಬಿನಿಂದ ತೆಗೆದು ಆ ದಿಗಂತವನ್ನು ಮುಚ್ಚಿದರು.

"ನಾನು ನಡೆಸಲೋ, ನೀನು ನಡೆಸುತ್ತೀಯೋ?"

ತಿರುವಿನ ಮೀಟರು ಇದ್ದದ್ದು ನನ್ನ ಎದುರಿಗೆ. ಅವರಿಗೆ ಓರೆಯಾಗಿ ಕಾಣುತ್ತಿತ್ತು. "ನಾನೇ" ಎಂದೆ.

ಅವರು ರೇಡಿಯೋದಲ್ಲಿ ವಿಮಾನ ನಿಲ್ದಾಣದ ನಿಯಂತ್ರಣ ಕೊಠಡಿಗೆ ವಿಷಯ ತಿಳಿಸಿದರು. ಅಲ್ಲಿಂದ ದಾರಿ ಹೇಳಿದ್ದು ಒಬ್ಬ ಹೆಂಗಸಿನ ದನಿ. ಬಲಕ್ಕೆ ತಿರುಗಿ, ಇನ್ನು ನಿಲ್ಲಿಸಿ, ಎಡಕ್ಕೆ ತಿರುಗಿ, ನಿಲ್ಲಿಸಿ. ವಿಮಾನ ಗಿರಗಿರನೆ ಸುತ್ತುತ್ತಿದೆ ಎಂದು ಕಿವಿಯೊಳಗೆ ಅನಿಸುತ್ತಿತ್ತು. "ತಲೆ ಅಲ್ಲಾಡಿಸಬೇಡ" ಎಂದರು ಗುರುಗಳು. ಅವರ ಎರಡೂ ಕೈ ಮಂಡಿಯ ಮೇಲಿದ್ದವು. ಒಮ್ಮೆಯೂ ಮುಂದೆ ಚಾಚಲಿಲ್ಲ.

ತಿರುವನಂತಪುರದ ಪಕ್ಕದ ವಿಳಿಂಜಂ ಹತ್ತಿರ ಮೋಡ ಹರಿಯಿತು. ಕಡಲು, ಮೀನುಗಾರರ ದೋಣಿಗಳು, ಮುಂದೆ ರನ್‌ವೇ. ಇಳಿಸಿ, ಎಂಜಿನ್ ಆರಿಸಿದ ಮೇಲೂ ಇಬ್ಬರೂ ಎದ್ದೇಳಲಿಲ್ಲ. ಗುರುಗಳು ಕರ್ಚೀಫಿನಿಂದ ಮುಖ ಒರೆಸಿಕೊಂಡರು.

"ನಾನು ಮೊದಲು ಅನುಮಾನಪಟ್ಟದ್ದು ನಿನ್ನನ್ನು, ಮೋಳೆ. ಮೀಟರನ್ನಲ್ಲ" ಎಂದರು.

ಗಂಡನಿಗೆ ಫೋನಿನಲ್ಲೇ ಹೇಳಿಬಿಟ್ಟೆ. "ಯಾವ ಟ್ರೇನಿಗೆ ಬರ್ತಿ?" ಎಂದಷ್ಟೇ ಕೇಳಿದ. ಎರ್ನಾಕುಲಂ ನಿಲ್ದಾಣದಲ್ಲಿ ನನ್ನ ಬ್ಯಾಗು ತೆಗೆದುಕೊಂಡು ಮುಂದೆ ನಡೆದ. ಆಟೋದಲ್ಲಿ ಕಾಕ್ಕನಾಡಿನವರೆಗೂ ನನ್ನ ಮಣಿಕಟ್ಟು ಬಿಡಲಿಲ್ಲ.

ಮನೆಯ ಬಾಗಿಲ ಬೀಗ ತೆಗೆಯುತ್ತ, "ಮತ್ತ ಹೋಗ್ತೀಯೇನು?" ಎಂದ.

"ಹೋಗ್ತೀನಿ."

"ಮೊದಲ ಆ ಪಂಪ್ ಹೊಸಾದು ಹಾಕಸ್ಲಿ" ಎಂದ ಅವನು.

ಪಂಪು ಬದಲಾಯಿತು. ಮುಂದಿನ ಮಳೆಗಾಲಕ್ಕೆ ಮೊದಲು ಪರೀಕ್ಷೆಯೂ ಆಯಿತು, ಪಾಸಾದೆ. ಗಂಡ ನನ್ನ ಜೊತೆ ಎರಡು ಸಲ ಹಾರಿದ್ದಾನೆ. ಎರಡು ಸಲವೂ ಬಿಸಿಲು ಚೆನ್ನಾಗಿತ್ತು. ದಿನ ಆರಿಸಿದವನು ಅವನೇ.